ರಿಕ್ ರೈಟ್ ನೆನಪಿನಲ್ಲಿ: 'ಝೀ' ಆಲ್ಬಂ ಪೂರ್ತಿ ಕೇಳಿದವರು ಯಾರಾದರೂ ಇದ್ದೀರಾ?

ಫಾರ್ಫಿಸಾ ಪ್ರೇಮಿ

ಪ್ರತಿ ಸೆಪ್ಟೆಂಬರ್ 15ಕ್ಕೆ ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಅಭಿಮಾನಿಗಳು ಅದರ ಕೀಬೋರ್ಡ್ ವಾದಕ ರಿಚರ್ಡ್ (ರಿಕ್) ರೈಟ್ ಅವರನ್ನು ನೆನೆಯುತ್ತಾರೆ. 2008ರಲ್ಲಿ ಆ ದಿನ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 65 ವರ್ಷ. ನೆನಪಿಗೆ ಎಲ್ಲರೂ ಹಾಕುವುದು ಅದೇ ಮೂರ್ನಾಲ್ಕು ಹಾಡು: 'ದ ಗ್ರೇಟ್ ಗಿಗ್ ಇನ್ ದ ಸ್ಕೈ', 'ಅಸ್ ಆಂಡ್ ದೆಮ್', 'ಎಕೋಸ್'. ಅವುಗಳ ಬಗ್ಗೆ ಎಷ್ಟು ಮಾತಾಡಿದರೂ ಕಡಿಮೆಯೇ. ಆದರೂ ಈ ಸಲ ಯಾರೂ ಎತ್ತದ ಒಂದು ಆಲ್ಬಂ ಬಗ್ಗೆ ಬರೆಯೋಣ ಅನ್ನಿಸಿತು.

1984ರ ಏಪ್ರಿಲ್‌ನಲ್ಲಿ ರಿಕ್ ಮತ್ತು ಡೇವ್ ಹ್ಯಾರಿಸ್ ಇಬ್ಬರೂ ಸೇರಿ 'ಝೀ' ಎಂಬ ಹೆಸರಿನಲ್ಲಿ 'ಐಡೆಂಟಿಟಿ' ಅಂತ ಒಂದು ಆಲ್ಬಂ ತಂದರು. ಹ್ಯಾರಿಸ್ ಬರ್ಮಿಂಗ್‌ಹ್ಯಾಮ್‌ನ 'ಫ್ಯಾಷನ್' ಎಂಬ ಬ್ಯಾಂಡ್‌ನಲ್ಲಿದ್ದವರು. ಹಾಡುಗಾರ, ಗಿಟಾರ್ ವಾದಕ. 1982ರ 'ಫ್ಯಾಬ್ರೀಕ್' ಆಲ್ಬಂನಲ್ಲಿ ಕೇಳುವುದು ಅವರದೇ ದನಿ. ಇವರಿಬ್ಬರನ್ನು ಪರಿಚಯ ಮಾಡಿಸಿದವರು ಸ್ಯಾಕ್ಸೊಫೋನ್ ವಾದಕ ರಾಫೆಲ್ ರೇವನ್ಸ್‌ಕ್ರಾಫ್ಟ್, 'ಬೇಕರ್ ಸ್ಟ್ರೀಟ್' ಹಾಡಿನ ಆ ಪ್ರಸಿದ್ಧ ಸ್ಯಾಕ್ಸ್ ನುಡಿಸಿದವರು. ಮೊದಲು ಇನ್ನೂ ಕೆಲವರನ್ನು ಸೇರಿಸಿಕೊಂಡು ದೊಡ್ಡ ಬ್ಯಾಂಡ್ ಕಟ್ಟುವ ಯೋಚನೆ ಇತ್ತು. ಉಳಿದವರು ಹಿಂದೆ ಸರಿದರು. ಕೊನೆಗೆ ಉಳಿದದ್ದು ಇಬ್ಬರೇ.

ಆ ವರ್ಷದ ವಸಂತ ಹೇಗಿತ್ತು ನೋಡಿ. ಮಾರ್ಚ್‌ನಲ್ಲಿ ಪಿಂಕ್ ಫ್ಲಾಯ್ಡ್ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಸೋಲೋ ಆಲ್ಬಂ. ಏಪ್ರಿಲ್ ಕೊನೆಗೆ ಬಾಸ್ ವಾದಕ, ಗೀತರಚನೆಕಾರ ರೋಜರ್ ವಾಟರ್ಸ್ ಅವರದು. ನಡುವೆ ರಿಕ್ ಅವರ 'ಝೀ'. ಒಂದೇ ಬ್ಯಾಂಡಿನ ಮೂವರು ಎರಡು ತಿಂಗಳೊಳಗೆ ಬೇರೆ ಬೇರೆ ದಾರಿಯಲ್ಲಿ ಅಂಗಡಿಗೆ ಬಂದರು. ಮೊದಲೆರಡರ ಬಗ್ಗೆ ಇಂದಿಗೂ ಲೇಖನಗಳು ಬರುತ್ತವೆ. ಮೂರನೆಯದನ್ನು ಪಿಂಕ್ ಫ್ಲಾಯ್ಡ್ ಪುಸ್ತಕಗಳೂ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಇದು ಮಹಾನ್ ಆಲ್ಬಂ ಅಂತ ನಾನು ವಾದಿಸುತ್ತಿಲ್ಲ. ಇದನ್ನು ಕೇಳದೆ ರಿಕ್ ಪೂರ್ತಿ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಮಾತು. 1977ರ 'ಅನಿಮಲ್ಸ್', 1979ರ 'ದ ವಾಲ್', ಎರಡರಲ್ಲೂ ರಚನೆಕಾರರ ಜಾಗದಲ್ಲಿ ರಿಕ್ ಹೆಸರು ಒಂದು ಕಡೆಯೂ ಇಲ್ಲ. 1983ರ 'ದ ಫೈನಲ್ ಕಟ್'ನಲ್ಲಂತೂ ಅವರೇ ಇಲ್ಲ. ಬ್ಯಾಂಡ್‌ನಿಂದ ಹೊರಹಾಕಿಸಿಕೊಂಡು, ನಲವತ್ತರ ವಯಸ್ಸಿನಲ್ಲಿ, ತಮಗಿಂತ ಚಿಕ್ಕವನೊಬ್ಬನ ಜೊತೆ ಹೊಸ ಯಂತ್ರದ ಮುಂದೆ ಕೂತು ಮೊದಲಿನಿಂದ ಶುರು ಮಾಡಿದ ಮನುಷ್ಯನ ಕೆಲಸ ಇದು. ಅದನ್ನು ಒಮ್ಮೆಯಾದರೂ ಗಮನ ಕೊಟ್ಟು ಕೇಳಬೇಕಲ್ವಾ?

ಹುಡುಕುವವರು 'ಝೀ' ಅಂತಷ್ಟೇ ಹಾಕಬೇಡಿ, ಟಿವಿ ಚಾನೆಲ್ ಬರುತ್ತದೆ. 'ಐಡೆಂಟಿಟಿ', 'ರಿಚರ್ಡ್ ರೈಟ್' ಎರಡನ್ನೂ ಸೇರಿಸಿ.

ಹಳೇ ಕ್ಯಾಸೆಟ್

ನಾನು ಕೇಳಿದ್ದೇನೆ, ಪೂರ್ತಿ ಅಲ್ಲ. 'ಕನ್‌ಫ್ಯೂಷನ್' ಮುಗಿಯಿತು, ಇನ್ನೊಂದು ಹಾಡು ಅರ್ಧ ಆಯಿತು, ಸಾಕು ಅನ್ನಿಸಿತು. ಆ ಕಾಲದ ಎಲೆಕ್ಟ್ರಾನಿಕ್ ಡ್ರಮ್ ಸದ್ದು ಕಿವಿಗೆ ಹೊಡೆಯುತ್ತದೆ. ರಿಕ್ ಎಲ್ಲಿದ್ದಾರೆ ಅಂತ ಹುಡುಕಬೇಕು. ಪ್ರಧಾನ ದನಿ ಹ್ಯಾರಿಸ್ ಅವರದು, ಸಾಹಿತ್ಯವೂ ಅವರದೇ. ಹಾಗಿದ್ದ ಮೇಲೆ ಇದನ್ನು ರಿಕ್ ಆಲ್ಬಂ ಅನ್ನುವುದು ಹೇಗೆ?

ಇನ್ನೊಂದು ವಿಷಯ. ರಿಕ್ ಅವರೇ ಇದನ್ನು ಪ್ರಯೋಗ ಮಾಡಲು ಹೋಗಿ ಆದ ತಪ್ಪು ಎಂಬರ್ಥದಲ್ಲಿ ಮಾತಾಡಿದ್ದಾರೆ. ಕಲಾವಿದರೇ ಬೇಡ ಅಂದದ್ದನ್ನು ನಾವು ಯಾಕೆ ಎತ್ತಿ ಹಿಡಿಯಬೇಕು?

ಕಡೆಗಣಿಸಿದ ಆಲ್ಬಂ ಅಂದರೆ ನನ್ನ ಪ್ರಕಾರ 1978ರ 'ವೆಟ್ ಡ್ರೀಮ್'. ದಕ್ಷಿಣ ಫ್ರಾನ್ಸಿನ ಸೂಪರ್ ಬೇರ್ ಸ್ಟುಡಿಯೋದಲ್ಲಿ ಮಾಡಿದ್ದು. ಗಿಲ್ಮೋರ್ ಅವರ ಮೊದಲ ಸೋಲೋ ಕೂಡ ಅಲ್ಲಿಯದೇ. ಸ್ನೋಯಿ ವೈಟ್ ಗಿಟಾರ್, ಕಿಂಗ್ ಕ್ರಿಮ್ಸನ್‌ನಲ್ಲಿದ್ದ ಮೆಲ್ ಕಾಲಿನ್ಸ್ ಸ್ಯಾಕ್ಸೊಫೋನ್. ರಿಕ್ ತಮ್ಮದೇ ದನಿಯಲ್ಲಿ ಹಾಡುತ್ತಾರೆ. ಸಮುದ್ರ, ದೋಣಿ, ಗ್ರೀಸ್ ಕಡೆಯ ಬಿಸಿಲು, ಅದರ ಕೆಳಗೆ ಮುರಿಯುತ್ತಿರುವ ಮದುವೆಯ ಬೇಸರ. ಎಲ್ಲವೂ ಅವರದೇ ಬದುಕು.

ಕಪ್ಪು ಎರಡು

ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಕಲಿತದ್ದು ಹಾರ್ಮೋನಿಯಂ ಮೇಲೆ. "ರಿಕ್ ಎಲ್ಲಿದ್ದಾರೆ" ಅಂತ ಕೇಳಿದರಲ್ಲ, ಅದಕ್ಕೆ ವಾದಕನ ಕಡೆಯಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ರಿಕ್ ಬೆರಳಿನ ವೇಗ ತೋರಿಸುವ ಜಾತಿಯವರಲ್ಲ. ಅವರ ಕಾಲದ ಬೇರೆ ರಾಕ್ ಕೀಬೋರ್ಡ್ ವಾದಕರನ್ನು ನೆನೆಸಿಕೊಳ್ಳಿ. ಕೀತ್ ಎಮರ್ಸನ್, ರಿಕ್ ವೇಕ್‌ಮನ್, ಜಾನ್ ಲಾರ್ಡ್. ಅವರ ಸೋಲೋ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ರೈಟ್ ಅವರ ಕೆಲಸ ಬೇರೆ. ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಕೈ ಎತ್ತಬೇಕು, ಇದೇ ಅವರ ವಿದ್ಯೆ. 'ಎಕೋಸ್' ಶುರುವಾಗುವುದು ಪಿಯಾನೋದ ಒಂದೇ ಸ್ವರದಿಂದ. ಆ ಸ್ವರವನ್ನು ಲೆಸ್ಲಿ ಸ್ಪೀಕರ್ ಮೂಲಕ ಬಿಟ್ಟಿದ್ದಾರೆ. ಲೆಸ್ಲಿ ಪೆಟ್ಟಿಗೆಯೊಳಗೆ ತಿರುಗುವ ಕೊಂಬು ಇರುತ್ತದೆ, ಅದರಿಂದ ಸದ್ದು ಅಲೆಯಲೆಯಾಗಿ ಬರುತ್ತದೆ. ಒಂದು ಸ್ವರ, ಒಂದು ಪೆಟ್ಟಿಗೆ. ಇಪ್ಪತ್ಮೂರು ನಿಮಿಷದ ಹಾಡು ನಿಂತಿರುವುದು ಅದರ ಮೇಲೆ.

'ಬ್ರೀದ್' ಹಾಡಿನಲ್ಲಿ ಮತ್ತೆ ಮೊದಲಿಗೆ ಮರಳುವ ಮುಂಚೆ ಒಂದು ವಿಚಿತ್ರ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತದೆ. ಅದು ಜ್ಯಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಕೇಳಿ ಬಂದದ್ದು ಅಂತ ರಿಕ್ ಅವರೇ ಕ್ಯಾಮೆರಾ ಮುಂದೆ ನುಡಿಸಿ ತೋರಿಸಿದ್ದಾರೆ. ರಾಕ್ ಬ್ಯಾಂಡಿನೊಳಗೆ ಕೂತ ಜ್ಯಾಝ್ ಕಿವಿ ಅದು.

ಈಗ 'ಝೀ'ಗೆ ಬರೋಣ. ಆ ಆಲ್ಬಂನ ತುಂಬ ಫೇರ್‌ಲೈಟ್ ಇದೆ. ಆಸ್ಟ್ರೇಲಿಯಾದಲ್ಲಿ ಮಾಡಿದ ಕಂಪ್ಯೂಟರ್ ವಾದ್ಯ, 1979ರಲ್ಲಿ ಬಂತು. ಯಾವ ಸದ್ದನ್ನಾದರೂ ರೆಕಾರ್ಡ್ ಮಾಡಿ ಕೀಬೋರ್ಡಿನ ಮನೆಗಳ ಮೇಲೆ ಹರಡಿ ನುಡಿಸಬಹುದು. ಪರದೆಯ ಮೇಲೆ ಪೆನ್ ಇಟ್ಟು ಅಲೆಯ ಆಕಾರ ಬಿಡಿಸಬಹುದು. ಪೀಟರ್ ಗೇಬ್ರಿಯಲ್, ಕೇಟ್ ಬುಷ್ ಇದನ್ನು ಬಳಸಿ ಅದ್ಭುತ ಕೆಲಸ ಮಾಡಿದರು. ಆದರೆ ಅವತ್ತಿನ ಫೇರ್‌ಲೈಟ್‌ನ ಸ್ಯಾಂಪಲ್, ಅಂದರೆ ಹಾಗೆ ರೆಕಾರ್ಡ್ ಮಾಡಿದ ಸದ್ದು, ಎಂಟು ಬಿಟ್‌ನದು, ವಿವರ ಕಡಿಮೆ. ಸದ್ದಿಗೆ ಒಂದು ಒರಟುತನ ಇರುತ್ತದೆ. ಹ್ಯಾಮಂಡ್ ಆರ್ಗನ್‌ನಲ್ಲಿ ಸ್ವರ ಹಿಡಿದುಕೊಂಡೇ ಅದರ ಬಣ್ಣ ಬದಲಿಸುತ್ತಾ ಹೋಗಬಹುದು. ಒಂದು ಕೈ ಮನೆಯ ಮೇಲೆ, ಇನ್ನೊಂದು ಕೈ ಡ್ರಾಬಾರ್ ಎಂಬ ಎಳೆಯುವ ಗುಂಡಿಗಳ ಮೇಲೆ. ಅಂಥ ವಾದಕನ ಕೈಗೆ ಪರದೆ, ಫ್ಲಾಪಿ ಡಿಸ್ಕ್ ಕೊಟ್ಟರೆ ಏನಾಗುತ್ತದೆ? ಜಾಗ ತುಂಬಿಹೋಗುತ್ತದೆ. ಖಾಲಿ ಬಿಡುವುದೇ ಗೊತ್ತಿದ್ದ ಮನುಷ್ಯನ ಆಲ್ಬಂನಲ್ಲಿ ಖಾಲಿ ಜಾಗವೇ ಸಿಗುವುದಿಲ್ಲ.

ಹಾಗಂತ ರಿಕ್ ಅಲ್ಲಿ ಇಲ್ಲ ಅನ್ನಲು ಆಗುವುದಿಲ್ಲ. ಹೆಡ್‌ಫೋನ್ ಹಾಕಿ 'ವಾಯ್ಸಸ್' ಕೇಳಿ. ಡ್ರಮ್ಮನ್ನು ಮನಸ್ಸಿನಲ್ಲೇ ಪಕ್ಕಕ್ಕಿಡಿ. ಕೆಳಗೆ ಹರಡಿಕೊಂಡಿರುವ ಕಾರ್ಡ್‌ಗಳು ಅವರವೇ. ಕೊನೆಯ ಹಾಡು 'ಸೀಮ್ಸ್ ವಿ ವರ್ ಡ್ರೀಮಿಂಗ್' ಕೂಡ ಹಾಗೇ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗಲು ಅವರು ತೆಗೆದುಕೊಳ್ಳುವ ಸಮಯ ಇದೆಯಲ್ಲ, ಅದನ್ನು ಯಾವ ಯಂತ್ರವೂ ಮುಚ್ಚಿಡಲು ಆಗಿಲ್ಲ.

ಫಾರ್ಫಿಸಾ ಪ್ರೇಮಿ

ಕಪ್ಪು ಎರಡು ಅವರೇ, ಇಂಥ ಮಾತು ಕೇಳೋಣ ಅಂತಲೇ ಇದನ್ನು ಶುರು ಮಾಡಿದ್ದು. ಧನ್ಯವಾದ.

ಹಳೇ ಕ್ಯಾಸೆಟ್ ಸರ್, ಕಲಾವಿದರೇ ಬೇಡ ಅಂದದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಮ್ಮ ಕೆಲಸದ ಬಗ್ಗೆ ರಿಕ್ ಯಾವತ್ತೂ ಕಡಿಮೆಯೇ ಮಾತಾಡಿದವರು. 1969ರ 'ಉಮ್ಮಗುಮ್ಮ'ದಲ್ಲಿ ಅವರ ಪಾಲಿಗೆ ಬಂದ 'ಸಿಸಿಫಸ್' ಅನ್ನೂ ಆಮೇಲೆ ಹೊಗಳಿಕೊಳ್ಳಲಿಲ್ಲ. ಅವರು ತಳ್ಳಿಹಾಕಿದ್ದನ್ನೆಲ್ಲ ನಾವೂ ತಳ್ಳಿಹಾಕಿದರೆ ಉಳಿಯುವುದು ತುಂಬ ಕಡಿಮೆ.

ಬೇರೆಯವರು ಬೇಡ ಅಂದದ್ದರ ಕತೆಯೂ ಇದೆ. 'ಅಸ್ ಆಂಡ್ ದೆಮ್' ಹುಟ್ಟಿದ್ದು ಆಂಟೊನಿಯೋನಿ ಅವರ 'ಜಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕಾಗಿ ರಿಕ್ ಪಿಯಾನೋದಲ್ಲಿ ಮಾಡಿದ ಒಂದು ತುಣುಕಾಗಿ. ಗಲಭೆಯ ದೃಶ್ಯಕ್ಕೆ ಅಂತ ಮಾಡಿದ್ದು. ನಿರ್ದೇಶಕರಿಗೆ ಹಿಡಿಸಲಿಲ್ಲ. ಅದು ಹಾಗೇ ಬಿದ್ದಿತ್ತು. 1973ರಲ್ಲಿ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ ಅದಕ್ಕೊಂದು ಜಾಗ ಸಿಕ್ಕಿತು. ಈಗ ಅದಿಲ್ಲದ ಆ ಆಲ್ಬಂ ಊಹಿಸಲೂ ಆಗುವುದಿಲ್ಲ. ಒಂದು ಕೆಲಸದ ಬೆಲೆಯನ್ನು ಮೊದಲ ಅಭಿಪ್ರಾಯದಲ್ಲೇ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ರಿಕ್ ಅವರ ಬದುಕಿನಲ್ಲೇ ಸಾಕ್ಷಿ ಇದೆ.

ಮಳೆ ಮತ್ತು ಮೂಗ್

ನಾನು ಪಿಂಕ್ ಫ್ಲಾಯ್ಡ್ ಕೇಳಲು ಶುರು ಮಾಡಿ ಜಾಸ್ತಿ ದಿನ ಆಗಿಲ್ಲ. ಇಷ್ಟು ಒಳ್ಳೆಯ ವಾದಕನನ್ನು ಬ್ಯಾಂಡ್‌ನಿಂದ ಯಾಕೆ ತೆಗೆದರು? 'ದ ವಾಲ್' ಸಂಗೀತ ಕಾರ್ಯಕ್ರಮದ ಫೋಟೋಗಳಲ್ಲಿ ಅವರು ಇದ್ದಾರಲ್ಲ?

ಹಳೇ ಕ್ಯಾಸೆಟ್

ಹೇಳುತ್ತೇನೆ. 1979ರಲ್ಲಿ 'ದ ವಾಲ್' ರೆಕಾರ್ಡಿಂಗ್ ನಡೆಯುತ್ತಿತ್ತು. ಹೂಡಿಕೆಗಳಲ್ಲಿ ಬ್ಯಾಂಡ್ ತುಂಬ ಹಣ ಕಳೆದುಕೊಂಡಿತ್ತು. ತೆರಿಗೆಯ ಕಾರಣಕ್ಕೆ ಎಲ್ಲರೂ ಬ್ರಿಟನ್ ಬಿಟ್ಟು ಹೊರಗಿದ್ದರು. ಆಲ್ಬಂ ಬೇಗ ಮುಗಿಸಬೇಕು ಅಂತ ಗಡುವನ್ನು ಇನ್ನೂ ಹತ್ತಿರಕ್ಕೆ ತಂದರು. ರಿಕ್ ಆಗ ಗ್ರೀಸ್‌ನಲ್ಲಿ ಮಕ್ಕಳ ಜೊತೆ ರಜೆಯಲ್ಲಿದ್ದರು. ಮದುವೆ ಮುರಿಯುವ ಹಂತದಲ್ಲಿತ್ತು, ಮನಸ್ಸು ಕುಗ್ಗಿತ್ತು. ರಜೆ ಬಿಟ್ಟು ಬರಲು ಒಪ್ಪಲಿಲ್ಲ. ಅವರ ಕೊಡುಗೆ ಕಡಿಮೆಯಾಗಿದೆ ಎಂಬ ಸಿಟ್ಟು ವಾಟರ್ಸ್ ಅವರಿಗೆ ಮೊದಲೇ ಇತ್ತು. ರಿಕ್ ಹೋಗದಿದ್ದರೆ ಆಲ್ಬಂ ಬಿಡುಗಡೆಗೇ ಅಡ್ಡಿ ಎಂಬಲ್ಲಿಗೆ ಮಾತು ಹೋಯಿತು. ರಿಕ್ ಹೊರಬಿದ್ದರು.

ಫೋಟೋಗಳಲ್ಲಿ ಇರುವುದು ಯಾಕೆ ಅಂದರೆ, 1980–81ರ ಪ್ರದರ್ಶನಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ಆ ಪ್ರದರ್ಶನಗಳ ಖರ್ಚು ವಿಪರೀತ. ಬ್ಯಾಂಡಿನ ಮೂವರೂ ನಷ್ಟ ಹೊತ್ತರು. ಸಂಬಳದ ರಿಕ್ ಒಬ್ಬರೇ ದುಡ್ಡು ನೋಡಿದವರು. ಇದನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ, ನನಗೆ ಮಾತ್ರ ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ತಾನೂ ಸೇರಿ ಕಟ್ಟಿದ ಮನೆಯಲ್ಲಿ ಕೂಲಿಗೆ ನಿಂತ ಹಾಗೆ.

1987ರಲ್ಲಿ ವಾಟರ್ಸ್ ಇಲ್ಲದ ಪಿಂಕ್ ಫ್ಲಾಯ್ಡ್‌ಗೆ ಮರಳಿದಾಗಲೂ ಪೂರ್ತಿ ಸದಸ್ಯತ್ವ ಇರಲಿಲ್ಲ. ಅದು ಮತ್ತೆ ಗಟ್ಟಿಯಾದದ್ದು 1994ರ 'ದ ಡಿವಿಷನ್ ಬೆಲ್' ಹೊತ್ತಿಗೆ. ಅದರಲ್ಲಿ ಐದು ಹಾಡುಗಳ ರಚನೆಯಲ್ಲಿ ಅವರ ಹೆಸರಿದೆ. ಗಿಲ್ಮೋರ್ ಜೊತೆ ಮಾಡಿದ 'ಮರೂನ್ಡ್'ಗೆ ಗ್ರ್ಯಾಮಿ ಬಂತು.

ಸಂಜೆ ರೇಡಿಯೋ

ಇಷ್ಟು ಹೊತ್ತು ಯಾರೂ 'ಬ್ರೋಕನ್ ಚೈನಾ' ಹೆಸರು ಎತ್ತಲಿಲ್ಲವಲ್ಲ! 1996ರದು. ರಿಕ್ ಅವರ ಎರಡನೇ ಮತ್ತು ಕೊನೆಯ ಸೋಲೋ.

ಖಿನ್ನತೆಯ ಬಗ್ಗೆ ಮಾಡಿದ ಆಲ್ಬಂ ಅದು. ಅವರ ಹೆಂಡತಿ ಮಿಲಿ ಅದನ್ನು ಅನುಭವಿಸಿದವರು. ಪಕ್ಕದಲ್ಲಿ ನಿಂತು ನೋಡಿದ ಗಂಡ ಅದನ್ನು ನಾಲ್ಕು ಭಾಗಗಳ, ಹದಿನಾರು ತುಣುಕುಗಳ ಸಂಗೀತವಾಗಿ ಕಟ್ಟಿದರು. ನನ್ನ ಮನೆಯಲ್ಲೂ ಒಬ್ಬರು ಹಾಗೆ ನರಳಿದ್ದಾರೆ. ಅದಕ್ಕೇ ಈ ಆಲ್ಬಂ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಪಕ್ಕದಲ್ಲಿರುವವರಿಗೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಮಾತಾಡಿದರೂ ಕಷ್ಟ, ಸುಮ್ನಿದ್ದರೂ ಕಷ್ಟ. ಆ ಅಸಹಾಯಕತೆ ಇದರ ವಾದ್ಯಸಂಗೀತದ ತುಣುಕುಗಳಲ್ಲಿ ಇದೆ.

ಎರಡು ಹಾಡುಗಳನ್ನು ರಿಕ್ ತಾವು ಹಾಡದೆ ಶಿನೇಡ್ ಓ'ಕಾನರ್ ಅವರಿಗೆ ಕೊಟ್ಟರು: 'ರೀಚಿಂಗ್ ಫಾರ್ ದ ರೇಲ್' ಮತ್ತು 'ಬ್ರೇಕ್‌ಥ್ರೂ'. ಹೆಣ್ಣಿನ ನೋವನ್ನು ಹೆಣ್ಣಿನ ದನಿಯೇ ಹೇಳಲಿ ಅನ್ನುವ ವಿವೇಕ ಅದರಲ್ಲಿ ನನಗೆ ಕಾಣುತ್ತದೆ. ಡ್ರಮ್ಸ್‌ನಲ್ಲಿ ಮನು ಕಾಚೆ, ಬಾಸ್‌ನಲ್ಲಿ ಪಿನೋ ಪಲಾಡಿನೋ. ಇಂಥ ದೊಡ್ಡ ವಾದಕರು ಇದ್ದೂ ಯಾರೂ ಎದ್ದು ಕಾಣುವುದಿಲ್ಲ. ಎಲ್ಲರೂ ಆ ಒಂದು ಮನಸ್ಸಿನ ಕತೆಗೆ ತಲೆಬಾಗಿ ನುಡಿಸಿದ್ದಾರೆ.

'ಬ್ರೇಕ್‌ಥ್ರೂ' ರಿಕ್ ದನಿಯಲ್ಲಿ ಬೇಕಿದ್ದರೆ 2002ರಲ್ಲಿ ಬಂದ ಗಿಲ್ಮೋರ್ ಕಾರ್ಯಕ್ರಮದ ಡಿವಿಡಿ ನೋಡಿ. ಅಲ್ಲಿ ಅತಿಥಿಯಾಗಿ ಬಂದು ಹಾಡಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ಆಲ್ಬಂ ಇರುವಾಗ 'ಝೀ' ಹಿಂದೆ ಯಾಕೆ ಹೋಗಬೇಕು?

ಫಾರ್ಫಿಸಾ ಪ್ರೇಮಿ

ಸಂಜೆ ರೇಡಿಯೋ ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮಾತಿನಲ್ಲೇ ಇದೆ ಅನ್ನಿಸುತ್ತದೆ.

ಮೂರೂ ಆಲ್ಬಂಗಳನ್ನು ಸಾಲಾಗಿ ಇಟ್ಟು ನೋಡಿ. 'ವೆಟ್ ಡ್ರೀಮ್'ನಲ್ಲಿ ರಿಕ್ ಹೆಚ್ಚಿನ ಸಾಹಿತ್ಯ ತಾವೇ ಬರೆದರು. ಒಂದೆರಡು ಹಾಡಿಗೆ ಆಗಿನ ಹೆಂಡತಿ ಜೂಲಿಯೆಟ್ ಜೊತೆಗೂಡಿದರು. ಸಂಗೀತ ಸುಂದರ, ಆದರೆ ಮಾತು ಅಲ್ಲಲ್ಲಿ ತಡವರಿಸುತ್ತದೆ. ಪದಗಳು ಅವರಿಗೆ ಸುಲಭವಾಗಿ ಒಲಿಯುತ್ತಿರಲಿಲ್ಲ. ಪಿಂಕ್ ಫ್ಲಾಯ್ಡ್‌ನಲ್ಲಿ ಅವರು ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಕತೆ ಹೇಳುವ ಆಲ್ಬಂಗಳ ಕಾಲದಲ್ಲಿ ಪದ ಯಾರ ಕೈಯಲ್ಲಿದೆಯೋ ಬ್ಯಾಂಡ್ ಅವರ ಕೈಯಲ್ಲಿ.

'ಝೀ'ಯಲ್ಲಿ ಅವರು ಮೊದಲ ಸಲ ಪದಗಳನ್ನು ಪೂರ್ತಿ ಬ್ಯಾಂಡಿನ ಹೊರಗಿನ ಒಬ್ಬರಿಗೆ ಒಪ್ಪಿಸಿದರು. ಹಾಡುವುದನ್ನೂ ಒಪ್ಪಿಸಿದರು. ಸಂಗೀತವನ್ನು ಇಬ್ಬರೂ ಸೇರಿ ಮಾಡಿದರು. ಅಲ್ಲಿ ಅದು ಸರಿಯಾಗಿ ಕೂಡಲಿಲ್ಲ. ಹ್ಯಾರಿಸ್ ಕುಣಿಯುವ ಸಂಗೀತದ ಕಡೆಯವರು, ರಿಕ್ ತೇಲುವ ಸಂಗೀತದ ಕಡೆಯವರು. ಆದರೆ ದಾರಿ ಸಿಕ್ಕಿತ್ತು. ಹತ್ತು ವರ್ಷದ ನಂತರ 'ದ ಡಿವಿಷನ್ ಬೆಲ್'ನಲ್ಲಿ 'ವೇರಿಂಗ್ ದ ಇನ್‌ಸೈಡ್ ಔಟ್' ಬಂತು. ಸಂಗೀತ ರಿಕ್, ಸಾಹಿತ್ಯ ಆಂಥನಿ ಮೂರ್. ಬಹಳ ಕಾಲ ಮಾತು ಕಳೆದುಕೊಂಡಿದ್ದ ಮನುಷ್ಯ ನಿಧಾನವಾಗಿ ಹೊರಬರುವ ಹಾಡು. 'ಡಾರ್ಕ್ ಸೈಡ್' ಆದಮೇಲೆ ಪಿಂಕ್ ಫ್ಲಾಯ್ಡ್ ಆಲ್ಬಂನಲ್ಲಿ ರಿಕ್ ಅವರ ಪ್ರಧಾನ ದನಿ ಕೇಳಿಸಿದ್ದು ಅಲ್ಲೇ. 'ಬ್ರೋಕನ್ ಚೈನಾ'ದ ಹೆಚ್ಚಿನ ಸಾಹಿತ್ಯವೂ ಮೂರ್ ಅವರದೇ. ತನ್ನ ಮನಸ್ಸಿನದನ್ನು ಇನ್ನೊಬ್ಬರ ಪದದಲ್ಲಿ, ಬೇಕಿದ್ದರೆ ಇನ್ನೊಬ್ಬರ ದನಿಯಲ್ಲೇ ಹೇಳಬಹುದು ಅನ್ನುವುದನ್ನು ರಿಕ್ ಮೊದಲು ಪರೀಕ್ಷಿಸಿ ನೋಡಿದ್ದು 'ಝೀ'ಯಲ್ಲಿ. ಶಿನೇಡ್ ಅವರಿಗೆ ಹಾಡು ಕೊಟ್ಟ ಆ ವಿವೇಕ ಒಂದೇ ದಿನದಲ್ಲಿ ಬಂದದ್ದಲ್ಲ.

ಅದಕ್ಕೇ 'ಐಡೆಂಟಿಟಿ'ಯನ್ನು ನಾನು ಅಡ್ಡದಾರಿ ಅನ್ನುವುದಿಲ್ಲ. 'ಬ್ರೋಕನ್ ಚೈನಾ'ಕ್ಕೆ ಹೋಗುವ ದಾರಿ ಅದರ ಮೇಲೇ ಹಾದುಹೋಗುತ್ತದೆ.

ಅರಮನೆ ಮೈದಾನ

2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ನಾನಿದ್ದೆ. ಅಂಥದ್ದೊಂದು ಕಾರ್ಯಕ್ರಮ ನಮ್ಮೂರಿನಲ್ಲಿ ಆಯಿತು ಅನ್ನುವುದೇ ಇವತ್ತಿಗೂ ದೊಡ್ಡ ಸಂತೋಷ. ಆದರೆ 'ಟೈಮ್' ಬಂದಾಗ ಏನೋ ಕಡಿಮೆ ಅನ್ನಿಸಿತು. ಆಮೇಲೆ ಮನೆಗೆ ಬಂದು ಮೂಲ ಹಾಡು ಕೇಳಿದಾಗ ಗೊತ್ತಾಯಿತು. ಗಿಲ್ಮೋರ್ ಗಟ್ಟಿಯಾಗಿ ಹಾಡಿದ ಮೇಲೆ ನಡುವೆ ಬರುವ ಆ ಮೆತ್ತಗಿನ ಸಾಲುಗಳು ರಿಕ್ ಅವರವು. ಎರಡು ದನಿಗಳ ವ್ಯತ್ಯಾಸದಲ್ಲೇ ಆ ಹಾಡಿನ ಜೀವ ಇದೆ. ಅವತ್ತಿನಿಂದ ಎಲ್ಲ ಹಾಡಿನಲ್ಲೂ ಅವರ ದನಿ ಹುಡುಕುವುದು ಅಭ್ಯಾಸವಾಗಿದೆ.

'ಶೈನ್ ಆನ್ ಯು ಕ್ರೇಜಿ ಡೈಮಂಡ್'ನ ಕೊನೆಯ ಭಾಗ ಪೂರ್ತಿ ರಿಕ್ ರಚನೆ. ಸದ್ದು ಕರಗುವ ಹೊತ್ತಿಗೆ ಬ್ಯಾಂಡಿನ ಆರಂಭದ ದಿನಗಳ ಗಾಯಕ ಸಿಡ್ ಬ್ಯಾರೆಟ್ ಅವರ 'ಸೀ ಎಮಿಲಿ ಪ್ಲೇ' ಹಾಡಿನ ಒಂದು ಎಳೆಯನ್ನು ಸಿಂಥಸೈಜರ್‌ನಲ್ಲಿ ಸಣ್ಣಗೆ ನುಡಿಸಿದ್ದಾರೆ. ಹಳೆಯ ಗೆಳೆಯನಿಗೆ ಹಾಗೆ ನಮಸ್ಕಾರ ಹೇಳಿದ್ದನ್ನು ಕೇಳದವರು ಇದ್ದರೆ ಇವತ್ತೇ ಕೇಳಿ.

ಮಳೆ ಮತ್ತು ಮೂಗ್

ಇದೆಲ್ಲ ಎಲ್ಲಿ ಸಿಗುತ್ತದೆ? ಹಳೆಯ ರೆಕಾರ್ಡ್ ಹುಡುಕಬೇಕಾ?

ಕಪ್ಪು ಎರಡು

ಬೇಕಿಲ್ಲ. 'ಐಡೆಂಟಿಟಿ'ಯನ್ನು 2019ರಲ್ಲಿ ಡೇವ್ ಹ್ಯಾರಿಸ್ ಅವರೇ ಮತ್ತೆ ಹದಮಾಡಿ ಸಿಡಿಯಾಗಿ ತಂದರು. ಹಳೆಯ ಸಿಂಗಲ್‌ನ ಹಿಂಬದಿಯಲ್ಲಿದ್ದ 'ಐಸ್ ಆಫ್ ಎ ಜಿಪ್ಸಿ' ಹಾಡನ್ನೂ ಮರೆಯದೆ ಕೇಳಿ. 'ವೆಟ್ ಡ್ರೀಮ್'ಗೆ ಸ್ಟೀವನ್ ವಿಲ್ಸನ್ ಹೊಸ ಮಿಕ್ಸ್ ಮಾಡಿದ್ದಾರೆ. ಅದು 2023ರ ಜುಲೈ 28ಕ್ಕೆ ಬಂತು, ರಿಕ್ ಬದುಕಿದ್ದರೆ 80 ತುಂಬುತ್ತಿದ್ದ ದಿನ. ಹಳೆಯದಕ್ಕಿಂತ ಪಿಯಾನೋ ಚೆನ್ನಾಗಿ ಬಿಡಿಸಿಕೊಂಡು ಕೇಳುತ್ತದೆ.

ಹೊಸಬರು ಮೊದಲು 'ವೆಟ್ ಡ್ರೀಮ್', ಆಮೇಲೆ 'ಬ್ರೋಕನ್ ಚೈನಾ', ಕೊನೆಗೆ 'ಝೀ' ಕೇಳುವುದು ಒಳ್ಳೆಯದು. ರಿಕ್ ಅವರ ಕೈಬರಹ ಗುರುತು ಸಿಕ್ಕ ಮೇಲೆ ಫೇರ್‌ಲೈಟ್ ಗದ್ದಲದೊಳಗೂ ಅದನ್ನು ಓದಬಹುದು.

ಹಳೇ ಕ್ಯಾಸೆಟ್

ಇವತ್ತು ಮಧ್ಯಾಹ್ನ ಎಂಟೂ ಹಾಡು ಪೂರ್ತಿ ಕೇಳಿದೆ, 2019ರದ್ದು. 'ಹೌ ಡು ಯು ಡೂ ಇಟ್', 'ಪ್ರೈವೇಟ್ ಪರ್ಸನ್' ಈಗಲೂ ನನಗೆ ಬೇಡ. 'ಸ್ಟ್ರೇಂಜ್ ರಿದಮ್' ಅಷ್ಟು ಉದ್ದ ಯಾಕಿದೆಯೋ. ಒಟ್ಟಾರೆ 'ವೆಟ್ ಡ್ರೀಮ್' ಪಕ್ಕದಲ್ಲಿ ಇದನ್ನು ಇಡಲಾರೆ, ಆ ಮಾತಿನಲ್ಲಿ ಬದಲಾವಣೆ ಇಲ್ಲ.

ಆದರೆ 'ಸೀಮ್ಸ್ ವಿ ವರ್ ಡ್ರೀಮಿಂಗ್' ಬೇರೆ. ಅದನ್ನು ಮತ್ತೆ ಹಾಕಿಕೊಂಡು ಕೇಳಿದೆ. ಕಪ್ಪು ಎರಡು ಹೇಳಿದ ಆ ಕಾರ್ಡ್‌ಗಳ ನಡುವಿನ ಸಮಯ ಕೇಳಿಸಿತು. ಇದೇ ಹಾಡನ್ನು 'ಬ್ರೋಕನ್ ಚೈನಾ'ದ ವಾದಕರು, ನಿಜವಾದ ಡ್ರಮ್ಸ್, ಹ್ಯಾಮಂಡ್ ಇಟ್ಟುಕೊಂಡು ನುಡಿಸಿದ್ದರೆ ಹೇಗಿರುತ್ತಿತ್ತು? ಕಪ್ಪು ಎರಡು ಅವರೇ, ಪುರುಸೊತ್ತಾದಾಗ ಬರೀ ಆರ್ಗನ್ ಮೇಲೆ ಒಮ್ಮೆ ನುಡಿಸಿ ಇಲ್ಲಿ ಹಾಕುತ್ತೀರಾ?

ಕಪ್ಪು ಎರಡು

ಆಗಲಿ ಸರ್. ಈ ಭಾನುವಾರ ಕೂರುತ್ತೇನೆ. ಹ್ಯಾಮಂಡ್ ನನ್ನ ಹತ್ತಿರ ಇಲ್ಲ, ಇರುವ ಕೀಬೋರ್ಡ್‌ನಲ್ಲೇ ಆರ್ಗನ್ ಸದ್ದು ಹಾಕಿ ನುಡಿಸುತ್ತೇನೆ. ಡ್ರಮ್ಸ್ ಇರುವುದಿಲ್ಲ.